ನೂರಾ ಮೂವತ್ತೊಂದು ಸೋಲುಗಳಲ್ಲಿ ಒಂದು

ಶನಿವಾರ, ಬೆಳಗಿನ ಆರೂವರೆ. ಜರ್ಮನಿಯ ಸಿಂಡೆಲ್‌ಫಿಂಗೆನ್ ಊರಂಚಿನ ಮೈದಾನದಲ್ಲಿ ಗುರುಬಸಪ್ಪ ಮಂಡಿಯೂರಿ ಹುಲ್ಲಿಗೆ ಹೆಬ್ಬೆರಳು ಒತ್ತುತ್ತಾರೆ. ಬೆರಳು ಇಳಿದರೆ ಆಟ. ಇಳಿಯದಿದ್ದರೆ ನೆಲ ಹೆಪ್ಪುಗಟ್ಟಿದೆ ಎಂದು ಗೇಟಿಗೆ ಬೀಗ. ಇಂದು ಅರ್ಧ ಉಗುರಿನಷ್ಟು ಇಳಿಯುತ್ತದೆ. “ಸಾಕ್ರಿ, ಇಷ್ಟ ಮೆತ್ತಗಿದ್ರ ಸೋಲಾಕ ಅಡ್ಡಿಲ್ಲ,” ಎಂದು ನಕ್ಕು, ಮೂಲೆಯ ಬಾವುಟ ನೆಡಲು ಹೊರಡುತ್ತಾರೆ.

ಬೆಳಗಾವಿಯ ಈ ಐವತ್ತೆಂಟರ ಹಿರಿಯರು ವಾರವಿಡೀ ಕಾರು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿ ಎಂಜಿನಿಯರ್. ಉಳಿದ ಹೊತ್ತು ಇಲ್ಲಿನ ಕಾಲೇಜೊಂದರ ಫುಟ್‌ಬಾಲ್ ತಂಡಕ್ಕೆ ಮುಖ್ಯ ಕೋಚ್. ಹದಿನಾಲ್ಕು ವರ್ಷ, ನೂರಾ ಎಂಬತ್ತಾರು ಪಂದ್ಯ. ಗೆಲುವು ಮೂವತ್ತೆಂಟು, ಡ್ರಾ ಹದಿನೇಳು, ಸೋಲು ನೂರಾ ಮೂವತ್ತೊಂದು. ಕಥೆಯಲ್ಲಾದರೆ ಏಳು ಸಲ ಸೋತ ರಾಜಕುಮಾರ ಎಂಟನೆಯ ಸಲ ಗೆದ್ದೇ ಗೆಲ್ಲುತ್ತಾನೆ. ಗುರುಬಸಪ್ಪನವರ ಶನಿವಾರಗಳಿಗೆ ಆ ಕಥೆಯನ್ನು ಯಾರೂ ಹೇಳಿಲ್ಲ.

“ಹುಡುಗ್ರಿಗೆ ಆಟ ಕಲಿಸೂದ್ರಾಗ ಡಿಗ್ರಿ ಮುಗೀತದ,” ಎನ್ನುತ್ತಾರೆ ಅವರು. “ ವಾಲ್‌ಡಾರ್ಫ್‌ಗೋ ಹ್ಯಾಂಬರ್ಗ್‌ಗೋ ಜಾಬ್ ಸಿಕ್ಕು ಹೋಗಿಬಿಡ್ತಾರ. ಹೊಸಬ್ರ ಜೋಡಿ ಮತ್ತ ಒಂದರಿಂದ ಶುರು ನೋಡ್ರಿ.”

ಪತ್ನಿ ಸಾವಿತ್ರವ್ವ ಬಿಡುವವರಲ್ಲ. “ಗೆದ್ದ ದಿನ ಇವ್ರ ಮಾರಿ ನೋಡ್ಬೇಕ್ರಿ. ಯಾರದೋ ಸಾಮಾನ ತಪ್ಪಿ ಮನಿಗೆ ತಂದವ್ರಂಗ ಕುಂಡ್ರತಾರ!”

ಆ ನೂರಾ ಮೂವತ್ತೊಂದರಲ್ಲಿ ಒಂದು ಸೋಲಿನ ಪಂದ್ಯವನ್ನು ಮಾತ್ರ ಯಾರೂ ಆಡಿಲ್ಲ.

ಎರಡು ವರ್ಷದ ಹಿಂದಿನ ಮಾರ್ಚ್. ತಂಡದ ಗೋಲ್‌ಕೀಪರ್, ಮೈಸೂರಿನ ಯಶವಂತ್, ಸೈಕಲ್ಲಿನಲ್ಲಿ ಕಾಲೇಜಿಗೆ ಹೊರಟವನು ಲಾರಿಗೆ ಸಿಕ್ಕಿ ತೀರಿಕೊಂಡ. ಅದು ಬುಧವಾರ. ಶನಿವಾರ ಪಂದ್ಯವಿತ್ತು. ಮುಂದೂಡಿ ಎಂದು ಶುಕ್ರವಾರ ಮಧ್ಯಾಹ್ನದೊಳಗೆ ಕೋಚ್ ಪಂದ್ಯ ನಡೆಸುವ ಲೀಗಿಗೆ ಒಂದು ಈಮೇಲ್ ಹಾಕಿದ್ದರೆ ಸಾಕಿತ್ತು.

“ಮರತೆ,” ಎನ್ನುತ್ತಾರೆ ಗುರುಬಸಪ್ಪ. “ಹುಡುಗನ ಪಾಸ್‌ಪೋರ್ಟ್ ಹಿಡಕೊಂಡು ಮ್ಯೂನಿಕ್‌ದಾಗ ನಮ್ಮ ದೇಶದ ಕಾನ್ಸುಲೇಟ್ ಮುಂದ ನಿಂತಿದ್ನಿ. ಬಾಡಿ ಊರಿಗೆ ಕಳಸಬೇಕಲ್ರಿ.”

ತಂಡದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿನಿ ನಿಶ್ಚಿತಾಳ ಕಣ್ಣು ಈಗಲೂ ತುಂಬುತ್ತದೆ. “ನಾನಾದ್ರೂ ರಿಮೈಂಡ್ ಮಾಡ್ಬೇಕಿತ್ತು ಸರ್.” “ಸುಮ್ನಿರವಾ, ಆ ಕೆಲಸ ನಂದು,” ಎಂದು ಅವರು ಅವಳ ಮಾತು ತಡೆಯುತ್ತಾರೆ.

ಲೀಗಿನವರು ಎದುರಾಳಿಗೆ ಗೆಲುವು ಕೊಟ್ಟರು. ದಾಖಲೆಯ ಪುಟದಲ್ಲಿ ಈ ತಂಡದ ಹೆಸರಿನ ಮುಂದೆ ಜರ್ಮನ್ನಿನಲ್ಲಿ ‘ಹಾಜರಾಗಲಿಲ್ಲ’ ಎಂದು ಬರೆದರು. ಸೋಲೆಂದರೆ ಗುರುಬಸಪ್ಪನವರಿಗೆ ಹಳೆಯ ನೆಂಟ, ಅದಕ್ಕೆ ಅವರು ಬೇಸರಪಟ್ಟವರಲ್ಲ. ಆದರೆ ಕಳೆದ ವರ್ಷ ಯಶವಂತ್‌ನ ತಂದೆ ಮಹಾಲಿಂಗಪ್ಪ ಮೈಸೂರಿನಿಂದ ಫೋನ್ ಮಾಡಿದರು. ಮಗ ಆಡಿದ ಪಂದ್ಯಗಳನ್ನು ಒಂದೊಂದಾಗಿ ಹುಡುಕಿ, ಮೊಬೈಲಿನಲ್ಲಿ ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದರಂತೆ. “ಸರ್, ಆ ಶನಿವಾರ ಯಾರೂ ಬರ್ಲಿಲ್ಲ ಅಂತಿದೆಯಲ್ಲ. ನನ್ನ ಮಗನ ಹತ್ರ ಯಾರೂ ಇರ್ಲಿಲ್ವಾ?”

ಅಂದಿನಿಂದ ಗುರುಬಸಪ್ಪ ಲೀಗಿಗೆ ನಾಲ್ಕು ಪತ್ರ ಬರೆದಿದ್ದಾರೆ. ಸೋಲು ತೆಗೆಯಿರಿ ಎಂದಲ್ಲ, ಆ ಒಂದು ಪದ ತೆಗೆಯಿರಿ ಎಂದು. ಬೇರೆ ಪದ ಹಾಕಲು ನಿಯಮದಲ್ಲಿ ಅವಕಾಶವಿಲ್ಲ ಎಂಬ ಉತ್ತರ ನಾಲ್ಕು ಸಲವೂ ಬಂದಿದೆ. ಜೂನ್‌ನಲ್ಲಿ ಅವರು ಕೋಚ್ ಹುದ್ದೆ ಬಿಡುತ್ತಾರೆ. ಐದನೆಯ ಪತ್ರ ಈಗ ಜೇಬಿನಲ್ಲಿದೆ.

“ನೂರಾ ಮೂವತ್ತೊಂದೂ ನನ್ನ ಹೆಸರಿಗೇ ಇರ್ಲಿ ಬಿಡ್ರಿ,” ಎನ್ನುತ್ತಾರೆ ಮೆಲ್ಲಗೆ. “ಆದ್ರ ಬಂದಿಲ್ಲ ಅಂತ ಬರೀಬ್ಯಾಡ್ರಿ. ಆ ಶನಿವಾರ ಹುಡುಗನ ಶವಪೆಟ್ಟಿಗಿ ಮುಂದ ಹದಿನೆಂಟು ಮಂದಿ ಜರ್ಸಿ ಹಾಕ್ಕೊಂಡು ನಿಂತಿದ್ವಿ. ಅವತ್ತ ಒಬ್ರೂ ತಪ್ಪಿರಲಿಲ್ಲ.”