ಕೋಳಿಗೂಡಿನ ಹಿಂದಿನ ಹಸಿರು ಕಲ್ಲು

ನಮ್ಮ ಪಕ್ಕದ ಮನೆಯ ಮರ್ವ್ ಟ್ರೆಲೋರ್ ನಮ್ಮೂರಾದ ಬ್ರೋಕನ್ ಹಿಲ್‌ನ ಗಣಿಯಲ್ಲಿ ಸೀಸ, ಸತು ಅಗೆಯುತ್ತಲೇ ಮುದುಕನಾದವನು. ಕೆಲಸ ಮುಗಿಸಿ ಮೇಲೆ ಬರುವಾಗ ಬುತ್ತಿ ಡಬ್ಬಿಯಲ್ಲಿ ಒಂದಾದರೂ ಚಂದದ ಕಲ್ಲು ಇರುತ್ತಿತ್ತು. ನಮ್ಮೂರಲ್ಲಿ ಅದನ್ನು ಕಳ್ಳತನ ಅನ್ನುವುದಿಲ್ಲ. ಆದರೆ ಕಲ್ಲು ಎಲ್ಲಿ ಸಿಕ್ಕಿತು ಅಂದರೆ ಯಾರೂ ನಿಜ ಹೇಳುವುದಿಲ್ಲ. ಉತ್ತರದಲ್ಲಿ ಸಿಕ್ಕಿದ್ದರೆ ದಕ್ಷಿಣಕ್ಕೆ ಕೈ ತೋರಿಸುತ್ತಾರೆ. ಕೇಳಿದವನೂ ನಂಬುವುದಿಲ್ಲ.

ಕೆಲಸ ಬಿಟ್ಟ ಮೇಲೆ ಮರ್ವ್‌ಗೂ ಅವನ ಜೊತೆಗಾರ ಯೋಸಿಪ್ ಬರ್ಬಿಚ್‌ಗೂ ಒಂದು ಹಸಿರು ಕಲ್ಲು ಸಿಕ್ಕಿತು. ಮೈತುಂಬ ಸಾಸಿವೆಗಿಂತ ಸಣ್ಣ ಹರಳು. ಜಾಗ ಯಾರಿಗೂ ಹೇಳಬಾರದು ಅಂತ ಇಬ್ಬರೂ ಮಾತು ಕೊಟ್ಟುಕೊಂಡರು. ಮರ್ವ್ ಒಂದು ಚೂರನ್ನು ಅಡಿಲೇಡ್ ನಗರದ ಪ್ರಯೋಗಾಲಯಕ್ಕೆ ಕಳಿಸಿದ. ಖನಿಜ ಪರೀಕ್ಷೆ ಮಾಡುವ ರುತ್ ಪ್ಯಾಸ್ಕೋ ಅಲ್ಲಿಂದ ಕಾರು ಓಡಿಸಿಕೊಂಡು ಬಂದಳು.

"ಇದು ಹೊಸ ಖನಿಜ ಮರ್ವ್, ಇನ್ನೂ ಹೆಸರೇ ಇಲ್ಲ. ಪರೀಕ್ಷೆ ಮಾಡಿದವಳು ನಾನು, ನನ್ನ ಹೆಸರು ಇಡೋ ಹಾಗಿಲ್ಲ. ಊರಿನ ಹೆಸರಿಡ್ಬಹುದು, ಬೇರೆ ಯಾರದ್ದಾದ್ರೂ ಇಡ್ಬಹುದು."

"ಯೋಸಿಪ್‌ದು ಇಡಿ," ಅಂದ ಮರ್ವ್. ಗಣಿಯ ಧೂಳು ಯೋಸಿಪ್‌ನ ಶ್ವಾಸಕೋಶ ತಿಂದುಹಾಕಿತ್ತು. ಅವನು ಇರುವಾಗಲೇ ಇದಾಗಬೇಕು ಅನ್ನುವುದು ಮರ್ವ್‌ನ ಆಸೆ.

"ಆಗ್ಲಿ, ಜಾಗ ತೋರಿಸಿ. ನಾನೇ ಕಣ್ಣಾರೆ ನೋಡ್ಬೇಕು."

ಮರ್ವ್‌ನ ಕೈ ತಾನಾಗಿ ದಕ್ಷಿಣದ ದಿಬ್ಬದ ಕಡೆ ಹೋಯಿತು. ರುತ್ ದಿನವಿಡೀ ಬಿಸಿಲಲ್ಲಿ ಹುಡುಕಿ ಬರಿಗೈಯಲ್ಲಿ ಬಂದಳು.

"ಜಾಗ ಗೊತ್ತಾಗದೆ ಹೆಸರು ಮಂಜೂರಾಗಲ್ಲ. ನಾಳೆ ನಾನು ಹೊರಡ್ತೀನಿ."

ಮರ್ವ್ ನನ್ನನ್ನೂ ಕರೆದುಕೊಂಡು ಯೋಸಿಪ್ ಮನೆಗೆ ಹೋದ. ಯೋಸಿಪ್ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಕೂತಿದ್ದ.

"ಕಲ್ಲಿಗೆ ನಿನ್ ಹೆಸರಿಡ್ತಾರಂತೆ ಕಣೋ. ಜಾಗ ತೋರಿಸ್ಬೇಕಂತೆ."

"ತೋರಿಸಿದ್ಯಾ?"

"ದಕ್ಷಿಣದ ದಿಬ್ಬ ತೋರಿಸ್ದೆ."

ಯೋಸಿಪ್ ಕೆಮ್ಮುತ್ತಲೇ ನಕ್ಕ. "ಶಹಬ್ಬಾಸ್."

"ನೀನು ಬೇಡ ಅಂದ್ರೆ ಬಾಯಿ ಬಿಡಲ್ಲ. ಮಾತು ಅಂದ್ರೆ ಮಾತು."

"ಈ ದೇಶಕ್ಕೆ ಬಂದಾಗಿಂದ ನಿಮ್ಮಿಬ್ರನ್ನ ಬಿಟ್ಟು ಎಲ್ರೂ ನನ್ನ ಜೋ ಅಂತಾನೇ ಕರೆದ್ರು. ಕಲ್ಲಿಗೆ ಏನಂತಾರಂತೆ?"

"ಬರ್ಬಿಚೈಟ್. ನಿನ್ ಮನೆತನದ ಹೆಸರಿಗೆ ಐಟ್ ಸೇರಿಸ್ತಾರಂತೆ."

"ಹೊಟ್ಟೆನೋವಿನ ಔಷಧಿ ಥರ ಇದೆ." ಯೋಸಿಪ್ ಮೂಗಿನ ನಳಿಗೆ ಸರಿಮಾಡಿಕೊಂಡ. "ಬೆಳಿಗ್ಗೆ ಬಂದು ಕರ್ಕೊಂಡು ಹೋಗು. ನಾನೇ ತೋರಿಸ್ತೀನಿ. ನಿನ್ ಕೈ ನಂಬಕ್ಕಾಗಲ್ಲ."

ಬೆಳಿಗ್ಗೆ ಯೋಸಿಪ್‌ನನ್ನೂ ರುತ್‌ಳನ್ನೂ ಕೂರಿಸಿಕೊಂಡು ಮರ್ವ್‌ನ ಗಾಡಿ ನನ್ನ ಹಿತ್ತಿಲಿಗೇ ಬಂದು ನಿಂತಿತು. ಕೋಳಿಗೂಡಿನ ಹಿಂದೆ, ಎಂದೋ ಮುಚ್ಚಿಹೋದ ಗಣಿಯ ಕಲ್ಲುರಾಶಿಯಿದೆ. ಯೋಸಿಪ್ ಕೈಯೆತ್ತಿ ಎಡಕ್ಕೆ ತೋರಿಸಿದ. ಆಮೇಲೆ ತನ್ನನ್ನೇ ಬೈದುಕೊಂಡು ಬಲಕ್ಕೆ ತಿರುಗಿಸಿದ.

"ಅಲ್ಲಿ, ಆ ಕೆಂಪು ಕೋಳಿ ಕೆದರ್ತಿದೆಯಲ್ಲ."

ಮರ್ವ್ ನನ್ನ ಮುಖ ನೋಡಿದ. "ನಿಂಗೆ ಗೊತ್ತಿತ್ತಾ ಡಾಟ್?"

"ನೀನು ಕೋಳಿ ಗೊಬ್ಬರ ಬಾಚ್ಕೊಡ್ತೀನಿ ಅಂತ ಬರ್ತಿದ್ದೆ," ಅಂದೆ ನಾನು. " ಗೊಬ್ಬರಕ್ಕೆ ಸುತ್ತಿಗೆ ಯಾಕೋ?"

ಹೆಸರು ಮಂಜೂರಾಗಿ ಬಂದಾಗ ಯೋಸಿಪ್ ಇದ್ದ. ಹರಳಿನ ಚಿತ್ರವನ್ನು ಆಕ್ಸಿಜನ್ ಸಿಲಿಂಡರಿಗೆ ಅಂಟಿಸಿಕೊಂಡಿದ್ದ. ಈಗ ಅವನಿಲ್ಲ. ದೂರದ ಊರುಗಳಿಂದ ಸುತ್ತಿಗೆ ಹಿಡಿದು ಬಂದವರು ನಮ್ಮ ಬೀದಿಯಲ್ಲಿ ಬರ್ಬಿಚೈಟ್ ಎಲ್ಲಿ ಸಿಗುತ್ತೆ ಅಂತ ಕೇಳುತ್ತಾರೆ. ಮರ್ವ್ ಬೇಲಿಗೆ ಒರಗಿ ನಿಂತು ದಕ್ಷಿಣದ ದಿಬ್ಬ ತೋರಿಸುತ್ತಾನೆ.