ಬೈಗುಳ ತಿಳಿದವಳು

ಇಂಟರ್‌ವ್ಯೂ ಮುಗಿದ ಮೇಲೆ ಮ್ಯಾನೇಜರ್ ಕನ್ನಡದಲ್ಲೇ ‘ಬೆಂಗಳೂರಲ್ಲಿ ಯಾವ ಏರಿಯಾ?’ ಎಂದು ಕೇಳಿದ್ದೇ ನನಗೆ ಸಾಕಾಯಿತು. ಇಲ್ಲೇ ಅಮೆರಿಕದ ಕಾರ್ಲ್ಸ್‌ಬಾಡಿನಲ್ಲಿ ಸಿಕ್ಕಿದ್ದ ಇನ್ನೊಂದು ಕೆಲಸ ಬಿಟ್ಟು, ನಮ್ಮವರು ಎಂಬ ಒಂದೇ ಕಾರಣಕ್ಕೆ ಎಲ್ ಸೆಗುಂಡೋದಲ್ಲಿದ್ದ ಅವರ ಟೀಮಿಗೆ ಸೇರಿದೆ.

ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಮ್ಯಾನೇಜರ್ ಸಾಹೇಬರು ಅದನ್ನು ಚೆನ್ನಾಗಿಯೇ ಬಳಸಿಕೊಂಡರು. ಎಲ್ಲರೆದುರು ನನ್ನ ಹೆಗಲಿಗೆ ಕೈಹಾಕಿ, ನಗುತ್ತಲೇ, ‘ತಲೇಲಿ ಸಗಣಿ ತುಂಬ್ಕೊಂಡು ಬಂದಿದ್ಯೇನೋ? ಯಾವನೋ ನಿಂಗೆ ಡಿಗ್ರಿ ಕೊಟ್ಟಿದ್ದು?’ ಎನ್ನುತ್ತಿದ್ದರು. ಪಕ್ಕದ ಸೀಟಿನ ಅಮೆರಿಕನ್ ಹೆಂಗಸು, ನಿಮ್ಮಿಬ್ಬರ ಸ್ನೇಹ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ ಎಂದಳು. ನಾನೂ ನಗುತ್ತಿದ್ದೆ. ನನ್ನ ಗ್ರೀನ್ ಕಾರ್ಡ್ ಫೈಲು ಅವರ ಕೈಯಲ್ಲಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಬರೀ ಭಯ. ಸೆರಿಟೋಸ್‌ನ ಮನೆ ಬಿಟ್ಟು ಫ್ರೀವೇ ಹತ್ತಿದರೆ ಬೇಕೆಂದೇ ನಿಧಾನವಾಗಿ ಕಾರು ಓಡಿಸುತ್ತಿದ್ದೆ. ಹೆಂಡತಿ ‘ರೀ, ಸ್ವಲ್ಪ ಬನ್ನಿ ಇಲ್ಲಿ’ ಎಂದರೂ ಏನು ತಪ್ಪು ಮಾಡಿದೆನೋ ಎಂದು ಬೆಚ್ಚುತ್ತಿದ್ದೆ. ಅವಳಿಗೆ ಏನೂ ಹೇಳಿರಲಿಲ್ಲ. ಎಂಟು ವರ್ಷದ ಮಗಳ ಪಾಲಿಗೆ ಅಪ್ಪ ರಾಕೆಟ್ ಮಾಡುವವನು. ಆ ನಂಬಿಕೆಯೊಂದು ಉಳಿದರೆ ನನಗೆ ಸಾಕಿತ್ತು.

ಮಕ್ಕಳನ್ನು ಆಫೀಸಿಗೆ ಕರೆತರುವ ದಿನ ಬಂತು. ನೆಗಡಿಯ ನೆಪ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ; ಮಗಳು ಬೆಳಗ್ಗೆ ಆರಕ್ಕೇ ಶೂ ಹಾಕಿಕೊಂಡು ಕೂತಿದ್ದಳು. ಮ್ಯಾನೇಜರ್ ಅವಳ ಕೈಗೆ ಡೋನಟ್ ಕೊಟ್ಟು ಇಂಗ್ಲಿಷಿನಲ್ಲಿ ಮಾತಾಡಿಸಿದರು. ಅವಳೂ ಇಂಗ್ಲಿಷಿನಲ್ಲೇ ಉತ್ತರಿಸಿದಳು. ಇಲ್ಲೇ ಹುಟ್ಟಿದ ಮಗು, ಇದಕ್ಕೆಲ್ಲಿಯ ಕನ್ನಡ ಅಂದುಕೊಂಡರೇನೋ. ಎಂದಿನಂತೆ ನನ್ನ ಹೆಗಲಿಗೆ ಕೈ ಬಂತು.

‘ರಿಪೋರ್ಟ್ ನೋಡ್ದೆ ಕಣೋ. ನಿನ್ ಬದ್ಲು ಒಂದ್ ನಾಯಿಗೆ ಅನ್ನ ಹಾಕಿದ್ರೆ ಅದಾದ್ರೂ ನಿಯತ್ತಾಗಿ ಕೆಲಸ ಮಾಡ್ತಿತ್ತು.’

ನಗುತ್ತಾ ಹೋದರು. ಮಗಳು ಡೋನಟ್ ಕಚ್ಚುವುದನ್ನು ನಿಲ್ಲಿಸಿದಳು. ಮನೆಯಲ್ಲಿ ನಾವು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು ಅದು. ಒಂದಕ್ಷರವೂ ಅವಳಿಗೆ ತಪ್ಪಿರಲಿಲ್ಲ.

ಪಕ್ಕದ ಸೀಟಿನವಳು ಬಗ್ಗಿ, ಅಪ್ಪನಿಗೆ ಅವರು ಏನಂದರು, ನನಗೂ ಹೇಳು ಪುಟ್ಟಿ ಎಂದು ಆಸೆಯಿಂದ ಕೇಳಿದಳು.

ಮಗಳು ನನ್ನ ಮುಖವನ್ನೊಮ್ಮೆ ನೋಡಿದಳು. ದಿನವೂ ನಾನು ಅಲ್ಲಿ ನಗುತ್ತಿದ್ದ ಹಾಗೆಯೇ ನಕ್ಕಳು. ಅಪ್ಪ ತುಂಬಾ ಚೆನ್ನಾಗಿ ಕೆಲಸ ಮಾಡುತ್ತಾರಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

ಮಾರನೆಯ ದಿನವೇ ರಾಜೀನಾಮೆ ಕೊಟ್ಟೆ ಎಂದು ಬರೆಯಲು ಆಸೆ. ಇನ್ನೂ ಎರಡು ವರ್ಷ ಅಲ್ಲೇ ಇದ್ದೆ.