ಬಾಯಿಲ್ಲದ ಡಬ್ಬಿ

ಕೋಪ ಬಂದಾಗ ಬರೆಯಬಾರದು ಎನ್ನುತ್ತಾರೆ. ಕೋಪ ಇಳಿದ ಮೇಲೆ ನನಗೆ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ.

ನಮ್ಮದು ನೀರು ಸರಬರಾಜು ಕಚೇರಿ. ನಾನು ಅಲ್ಲಿ ಟಪಾಲು ಗುಮಾಸ್ತೆ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ಮೊಹರು ಒತ್ತುವುದು ನನ್ನ ಕೆಲಸ. ನನ್ನ ಮೇಜಿನಿಂದ ಮೂರು ಹೆಜ್ಜೆ ಆಚೆ, ಕಿಟಕಿಯ ಪಕ್ಕದಲ್ಲಿರುವುದು ನೀರಕ್ಕನ ಮೇಜು. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಸಂಬಳದ ದಿನ ಬಿಟ್ಟರೆ ಅದು ಯಾರಿಗೂ ನೆನಪಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ, ಬಂದದ್ದು ಕೆಸರಾಗಿದ್ದರೆ, ರಸ್ತೆಯಲ್ಲಿ ಪೈಪು ಒಡೆದರೆ ಜನ ಫೋನು ಮಾಡುವುದು ಅವಳಿಗೆ.

ಅವಳಿಗೆ ಕಣ್ಣು ಕಾಣುವುದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಜ್ವರ ಬಂದಿತ್ತು, ಹೋಗುವಾಗ ಕಣ್ಣನ್ನೂ ಕಟ್ಟಿಕೊಂಡು ಹೋಯಿತು. ಟೈಪಿಂಗ್ ಕಲಿತಳು, ಪರೀಕ್ಷೆ ಪಾಸು ಮಾಡಿದಳು, ಯಾರ ಶಿಫಾರಸೂ ಇಲ್ಲದೆ ಈ ಕುರ್ಚಿಗೆ ಬಂದಳು. ಎಡಗಿವಿಯಲ್ಲಿ ಫೋನು, ಬಲಗಿವಿಯಲ್ಲಿ ಕಂಪ್ಯೂಟರು. ಅವಳು ಒತ್ತಿದ ಅಕ್ಷರವನ್ನೆಲ್ಲ ಕಂಪ್ಯೂಟರು ಅವಳಿಗೆ ಓದಿ ಹೇಳುತ್ತದೆ. ಆ ವೇಗವೋ, ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ನಾನೊಮ್ಮೆ ಕಿವಿಗೆ ಹಾಕಿಕೊಂಡು ನೋಡಿದೆ, ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಅವಳಿಗೆ ಅದೇ ನಿಧಾನವಂತೆ.

ಒಂದು ದಿನ ಬೆಳಗ್ಗೆ ಸಾಲಾಗಿ ಮೂರು ದೂರು ಬಂದವು. ದರ್ಜಿ ಅಂಗಡಿಯವನು ನೀರು ದಾರದಷ್ಟು ಸಣ್ಣಗೆ ಬರುತ್ತಿದೆ ಎಂದ. ಶಾಲೆಯ ಹಿಂದಿನ ಮನೆಯಾಕೆ ನೀರಿಗೆ ಮಣ್ಣಿನ ವಾಸನೆ ಎಂದಳು. ನೀರಿಲ್ಲವೆಂದು ಫೋನು ಮಾಡಿದ ಶಾಲೆಯವರು, ಗೋಡೆಯ ಬಣ್ಣ ಬೇರೆ ಉಬ್ಬುತ್ತಿದೆ ಎಂದು ಸುಣ್ಣದವನನ್ನು ಬೈದುಕೊಳ್ಳುತ್ತಿದ್ದರು. ಇಂಜಿನಿಯರು ನಕ್ಷೆ ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದಾಗ ಇವಳು ಕೂತಲ್ಲಿಂದಲೇ, ಶಾಲೆ ಗೋಡೆಯ ಬುಡದಲ್ಲಿ ಅಗೆಯಿರಿ ಎಂದಳು. ಅಗೆದರು, ಪೈಪು ಅಲ್ಲೇ ಒಡೆದಿತ್ತು. ಪತ್ರಿಕೆಯಲ್ಲಿ ಇಂಜಿನಿಯರ ಫೋಟೋ ಬಂತು. ಮಾಡಿದ್ದು ಯಾರು, ಹಾರ ಯಾರಿಗೆ? ಈಗಲೂ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಹಾಗಂತ ಅವಳು ಹಸುವಿನಂಥವಳು ಎಂದುಕೊಳ್ಳಬೇಡಿ. ಮೇಜಿನ ಮೇಲಿನ ಸ್ಟೇಪ್ಲರನ್ನು ಒಂದಂಗುಲ ಸರಿಸಿದರೆ ಮಧ್ಯಾಹ್ನದವರೆಗೆ ಮಾತು ಬಿಡುತ್ತಾಳೆ. ಇರುವುದು ಅಣ್ಣನ ಮನೆಯಲ್ಲಿ. ಅಲ್ಲಿ ಅತ್ತಿಗೆ ಸಕ್ಕರೆ ಡಬ್ಬಿಯ ಜಾಗದಲ್ಲಿ ಉಪ್ಪಿನ ಡಬ್ಬಿ ಇಟ್ಟಳೆಂದು ವಾರಗಟ್ಟಲೆ ಮಹಾಯುದ್ಧ ನಡೆದಿತ್ತು. ಅತ್ತಿಗೆಯೂ ಏನು ಕಮ್ಮಿಯಿಲ್ಲ. ಆದರೆ ನಾದಿನಿಗೆ ಹೊರಗಿನವರು ಯಾರಾದರೂ ಒಂದು ಮಾತು ಅಂದರೆ ಮೊದಲು ಸೆರಗು ಸಿಕ್ಕಿಸಿ ನಿಲ್ಲುವವಳು ಅವಳೇ.

ಮೂರು ತಿಂಗಳ ಹಿಂದೆ ಕಚೇರಿಗೆ ಹೊಸ ಕಂಪ್ಯೂಟರು ತರಿಸುವ ಮಾತು ಬಂತು. ಹಳೆಯವು ದೊಡ್ಡ ಪೆಟ್ಟಿಗೆಗಳು, ಕಾಲು ಚಾಚಲು ಜಾಗವಿಲ್ಲ, ಧೂಳು ಬೇರೆ. ಈಗೆಲ್ಲ ಅಂಗೈ ಅಗಲದವು ಬಂದಿವೆ, ಪರದೆಯ ಬೆನ್ನಿಗೆ ಅಂಟಿಸಿಬಿಟ್ಟರೆ ಕಾಣುವುದೇ ಇಲ್ಲ ಎಂದರು. ಆರಿಸುವ ಹೊಣೆ ನಮ್ಮ ಮ್ಯಾನೇಜರದು. ಯಾವ ಕಾಗದ ಸಿಕ್ಕಿದರೂ ಅದರ ಅಂಚಿನಲ್ಲಿ ಒಂದು ಷರಾ ಬರೆಯದೆ ಕೈಬಿಡದ ಮನುಷ್ಯ, ಆದ್ದರಿಂದ ನಮಗೆಲ್ಲ ಅವರು ಷರಾ ಸಾಹೇಬರು.

ಡಬ್ಬಿಗಳು ಬಂದವು. ಕಪ್ಪಗೆ, ನುಣ್ಣಗೆ, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಷರಾ ಸಾಹೇಬರು ನೀರಕ್ಕನ ಮೇಜಿನ ಮೇಲೂ ಒಂದನ್ನಿಟ್ಟು, ಎಷ್ಟು ಪುಟ್ಟದು ನೋಡಿ ಎಂದರು. ಕಣ್ಣಿಲ್ಲದವಳಿಗೆ ನೋಡಿ ಎಂದ ಪುಣ್ಯಾತ್ಮ. ಅವಳು ಸುತ್ತ ಕೈಯಾಡಿಸಿ, ಆನ್ ಮಾಡುವ ಗುಂಡಿ ಎಲ್ಲಿ ಎಂದು ಕೇಳಿದಳು. ಗುಂಡಿಯ ಕಾಲ ಹೋಯಿತು, ಮೇಲೆ ಬೆರಳು ತಾಗಿಸಿದರೆ ನೀಲಿ ದೀಪ ಹತ್ತುತ್ತದೆ ಎಂದರು. ಆಮೇಲೆ ಅವಳು ತನ್ನ ಹೆಡ್‌ಫೋನಿನ ಪಿನ್ನು ಹಿಡಿದು ತೂತು ಹುಡುಕತೊಡಗಿದಳು. ಮುಂದೆ, ಹಿಂದೆ, ಪಕ್ಕ, ಅಡಿ. ಬಾಗಿಲಿಲ್ಲದ ಗೋಡೆಯಲ್ಲಿ ಬೀಗದ ಕಿಂಡಿ ಹುಡುಕಿದ ಹಾಗೆ. ಒಳಗೆ ಸ್ಪೀಕರೂ ಇಲ್ಲ, ಪರದೆಗೂ ಇಲ್ಲ. ಇದ್ದದ್ದು ಒಂದು ಸಣ್ಣ ಫ್ಯಾನು, ಅದೊಂದೇ ಉಸ್ಸೆನ್ನುತ್ತಿತ್ತು.

"ಇದಕ್ಕೆ ಬಾಯೇ ಇಲ್ವಲ್ರೀ," ಎಂದಳು ನೀರಕ್ಕ.

ಎಲ್ಲರೂ ನಕ್ಕರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯಿದೆ. ಆ ಬಾಯಿಯ ಮೇಲೆಯೇ ಬದುಕುವವಳ ಎದುರು ಈ ಮೂಗ ಡಬ್ಬಿ ತಂದಿಟ್ಟಿದ್ದರು. ಕೀಬೋರ್ಡು ಸಿಕ್ಕಿಸುವಂಥ ತೂತಿಗೆ ಹಾಕುವ ಬೇರೆ ಹೆಡ್‌ಫೋನ್ ನಾನೇ ತರುತ್ತೇನೆ ಎಂದಳು. ಸ್ವಂತ ಸಾಮಾನು ಕಚೇರಿಯ ಯಂತ್ರಕ್ಕೆ ಸೇರಿಸುವಂತಿಲ್ಲವಂತೆ. ಕಚೇರಿಯಿಂದಲೇ ಕೊಡಿಸಿ ಎಂದರೆ ಅದಕ್ಕೆ ಬೇರೆ ಫೈಲು ಆಗಬೇಕು, ಮುಂದಿನ ವರ್ಷ ನೋಡೋಣ ಎಂದರು. ಹಳೆಯ ಪೆಟ್ಟಿಗೆಯನ್ನಾದರೂ ಕೊಡಿ ಎಂದರೆ, ಅದು ಹೊಸದು ಬಂದ ದಿನವೇ ಗುಜರಿ ಸೇರಿತ್ತು.

ಒಂಬತ್ತು ದಿನ ಅವಳು ದೂರುಗಳನ್ನು ಬ್ರೈಲ್ ಹಾಳೆಯಲ್ಲಿ ಚುಚ್ಚಿ ಚುಚ್ಚಿ ಬರೆದುಕೊಂಡಳು. ಸಂಜೆ ಅವಳು ಬೆರಳಾಡಿಸಿ ಓದುವುದು, ನಾನು ಟೈಪು ಮಾಡುವುದು. ನನ್ನ ಟೈಪಿಂಗೋ, ಕೋಳಿ ಕಾಳು ಹೆಕ್ಕಿದ ಹಾಗೆ. ದೂರುಗಳು ಒಂದು ದಿನ ತಡವಾಗಿ ಹೋದವು. ಹತ್ತನೆಯ ದಿನ ನನ್ನ ಟಪಾಲಿಗೆ ಒಂದು ಕಾಗದ ಬಂತು. ಅಂಚಿನಲ್ಲಿ ಷರಾ: ಹೊಸ ವ್ಯವಸ್ಥೆಗೆ ಹೊಂದಿಕೊಳ್ಳಲು ಅಸಮರ್ಥರು, ದಾಖಲೆ ಕೊಠಡಿಗೆ ವರ್ಗಾಯಿಸಬಹುದು.

ದಾಖಲೆ ಕೊಠಡಿಯಲ್ಲಿ ಫೋನಿಲ್ಲ, ಕಿಟಕಿಯಿಲ್ಲ, ಸೂರಿನವರೆಗೆ ಹಳೆಯ ಕಾಗದ. ಕಣ್ಣಿಲ್ಲದವಳು ಅಲ್ಲಿ ಏನು ಮಾಡಬೇಕು? ಹೋಗಿ ಕೇಳಿದೆ. ಸುಮ್ಮನೆ ಕೂತು ಸಂಬಳ ತೆಗೆದುಕೊಳ್ಳಲಿ ಬಿಡಿ, ಪಾಪ ಎಂದರು ಷರಾ ಸಾಹೇಬರು. ಬಂದು ನೀರಕ್ಕನಿಗೆ ಹೇಳಿದೆ. ಅವಳು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು.

"ಪಾಪ ಮಾಡಿದ್ದು ಅವರು," ಎಂದಳು. "ಪಾಪ ಅನ್ನಿಸ್ಕೊಳ್ಳೋದು ನಾನು."

ನನ್ನ ಪಿತ್ತ ನೆತ್ತಿಗೇರಿತು. ಅವಳ ಕೈ ಹಿಡಿದುಕೊಂಡು ನೇರ ಮೇಲಧಿಕಾರಿಯ ಕೋಣೆಗೆ ನುಗ್ಗಿದೆ. ಅವರು ಹೊಸದಾಗಿ ಬಂದ ಹೆಂಗಸು, ಮಾತು ಕಡಿಮೆ. ಆ ಕೊರತೆಯನ್ನೆಲ್ಲ ನಾನೇ ತುಂಬಿದೆ. ಒಬ್ಬರಾದರೂ ಇವಳನ್ನು ಒಂದು ಮಾತು ಕೇಳಿದರಾ, ಕಣ್ಣಿಲ್ಲ ಅಂದರೆ ಬುದ್ಧಿಯೂ ಇಲ್ಲವಾ, ಶಾಲೆ ಗೋಡೆಯ ಪೈಪು ಹಿಡಿದದ್ದು ಯಾರು, ಎಲ್ಲ ಕೊಡವಿ ಹಾಕಿದೆ. ಮೇಡಂ ಕೊನೆಯವರೆಗೂ ಕೇಳಿ, ಷರಾ ಸಾಹೇಬರನ್ನು ಖರೀದಿಯ ಫೈಲಿನ ಸಮೇತ ಕರೆಸಿದರು. ಹಾಳೆ ತಿರುವುತ್ತ ಒಂದು ಸಾಲನ್ನು ಗಟ್ಟಿಯಾಗಿ ಓದಿದರು: ಸಂಬಂಧಪಟ್ಟವರನ್ನು ವಿಚಾರಿಸಲಾಗಿದೆ.

"ಯಾರನ್ನ ವಿಚಾರಿಸಿದ್ರಿ?"

ಷರಾ ಸಾಹೇಬರು ಪೆನ್ನಿನಿಂದ ನನ್ನನ್ನು ತೋರಿಸಿದರು. "ಇವರನ್ನೇ ಮೇಡಂ. ಆಗುತ್ತೆ ಅಂದ್ರು."

ಇಷ್ಟು ಹೊತ್ತು ಒಂದು ಮಾತು ಮುಚ್ಚಿಟ್ಟಿದ್ದೆ, ಹೇಳಿಬಿಡುತ್ತೇನೆ. ಮೂರು ತಿಂಗಳ ಹಿಂದೆ ಅವರು ಒಂದು ಬಣ್ಣದ ಚಿತ್ರ ಹಿಡಿದುಕೊಂಡು ನನ್ನ ಮೇಜಿಗೆ ಬಂದಿದ್ದರು. ನೀರಕ್ಕ ಎದುರಿಗೇ ಫೋನಿನಲ್ಲಿ ಇದ್ದಳು. ಅವರು ದನಿ ತಗ್ಗಿಸಿ, ಅವರಿಗೆ ಇದು ಆಗುತ್ತಾ ಎಂದು ಕೇಳಿದ್ದರು. ನಾನು ಚಿತ್ರ ನೋಡಿದೆ. ಮುದ್ದಾಗಿತ್ತು. ಮೊಹರು ಒತ್ತುತ್ತಲೇ, ಧಾರಾಳವಾಗಿ ಆಗುತ್ತೆ ಸರ್ ಎಂದಿದ್ದೆ. ಮರೆತೂ ಬಿಟ್ಟಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮೇಡಂ ವರ್ಗಾವಣೆಯ ಕಾಗದವನ್ನು ತಡೆಹಿಡಿದರು. ಡಬ್ಬಿ ಕೊಟ್ಟ ಅಂಗಡಿಗೇ ಹೋಗಿ ಬದಲಿಸಿಕೊಂಡು ಬರಬೇಕು, ಬಳಸುವವರೇ ಆರಿಸಬೇಕು, ಒಂದು ವಾರದಲ್ಲಿ ಕೆಲಸ ನಡೆಯದಿದ್ದರೆ ಈ ಕಾಗದಕ್ಕೆ ಸಹಿ ಹಾಕುವುದು ತಪ್ಪುವುದಿಲ್ಲ ಎಂದರು. ಹೊರಗೆ ಬಂದೆವು. ಮೆಟ್ಟಿಲ ಹತ್ತಿರ ನೀರಕ್ಕ ನಿಂತಳು.

"ಹತ್ತೊಂಬತ್ತು ವರ್ಷದಿಂದ ಎದುರಿಗೆ ಕೂತಿದ್ದೀಯ. ತಿರುಗಿ ನನ್ನ ಒಂದ್ಮಾತು ಕೇಳೋಕೆ ಅಷ್ಟು ದೂರ ಆಗಿತ್ತೇನೇ?"

ತಪ್ಪಾಯಿತಕ್ಕ ಎನ್ನುತ್ತ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಅಳುವಷ್ಟೂ ಅಳಲು ಬಿಟ್ಟಳು.

"ಒಂದ್ಸಲ ಕೈಕೊಟ್ಟಿದ್ದೀಯ," ಎಂದಳು ಆಮೇಲೆ. "ಈಗ ನಿಜವಾಗ್ಲೂ ಕೈ ಕೊಡು, ರಸ್ತೆ ದಾಟ್ಬೇಕು. ಬಾಯಿ ಮಾತ್ರ ಕೊಡಬೇಡ."

ಅಂಗಡಿಯವನು ಗಾಜಿನ ಕಟ್ಟೆಯ ಮೇಲೆ ನಾಲ್ಕಾರು ಡಬ್ಬಿ ಜೋಡಿಸಿದ. ನೀರಕ್ಕನನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗಿ, ಅವರಿಗೆ ಎಂಥದ್ದು ಬೇಕಂತೆ ಎಂದು ಕೇಳಿದ. ಅದೇ ಪ್ರಶ್ನೆ, ಅದೇ ತಗ್ಗಿದ ದನಿ. ನನ್ನ ನಾಲಿಗೆ ತುದಿಗೆ ಹತ್ತು ಮಾತು ಬಂದವು. ಹಲ್ಲು ಕಚ್ಚಿಕೊಂಡು ಸೂರು ನೋಡಿದೆ. ಆತ ಇನ್ನೊಮ್ಮೆ ಕೇಳಿದ, ಆಮೇಲೆ ಗಟ್ಟಿಯಾಗಿ ಕೇಳಿದ, ಕೊನೆಗೆ ಕೈಸನ್ನೆ ಮಾಡತೊಡಗಿದ. ಬೇರೆ ದಾರಿ ಕಾಣದೆ ನೀರಕ್ಕನ ಕಡೆ ತಿರುಗಿದ.

"ಅಮ್ಮಾ, ನಿಮ್ಮ ಜೊತೆ ಬಂದೋರಿಗೆ ಮಾತು ಬರಲ್ವಾ?"

"ಬರುತ್ತೆ. ಸುಮ್ನಿರೋದನ್ನ ಈಗ ಕಲೀತಿದ್ದಾಳೆ. ನನ್ನನ್ನ ಕೇಳಿ, ಅದರ ಮುಂದೆ ಕೂರೋಳು ನಾನು."

ಒಂದೊಂದನ್ನೂ ಆನ್ ಮಾಡಿಸಿ ಕಿವಿ ಹತ್ತಿರ ಹಿಡಿದಳು. ಮೊದಲನೆಯದರ ಫ್ಯಾನು ಗೊರಕೆ ಹೊಡೆಯುತ್ತದೆ ಎಂದಳು. ಎರಡನೆಯದಕ್ಕೆ ತೂತು ಹಿಂಭಾಗದಲ್ಲಿ, ದಿನಕ್ಕೆ ಹತ್ತು ಸಲ ಪರದೆಯ ಬೆನ್ನು ತಡಕಲು ತನಗೆ ಪುರುಸೊತ್ತಿಲ್ಲ ಎಂದಳು. ಮೂರನೆಯದು ದಪ್ಪ ನಿಘಂಟಿನಷ್ಟಿತ್ತು. ಮುಂದೆಯೇ ಉಬ್ಬಿದ ಗುಂಡಿ, ಪಕ್ಕದಲ್ಲೇ ದುಂಡನೆಯ ತೂತು. ಅದರ ನೆತ್ತಿಯ ಮೇಲೆ ಬಹಳ ಹೊತ್ತು ಅಂಗೈ ಇಟ್ಟುಕೊಂಡು ಬಿಸಿ ನೋಡಿದಳು. ಅವಳಿಗೆ ಬೇಕಾದ ಓದುವ ದನಿಯನ್ನು ಅಂಗಡಿಯಲ್ಲೇ ಹಾಕಿಸಿ, ಪಿನ್ನು ಸಿಕ್ಕಿಸಿ, ಅಲ್ಲೇ ಒಂದು ಪುಟ ಟೈಪು ಮಾಡಿದಳು. ಮುಖ ಸಡಿಲವಾಯಿತು. ಆಗ ನನ್ನ ಕಡೆ ತಿರುಗಿ, ನೋಡಲು ಹೇಗಿದೆ ಎಂದು ಕೇಳಿದಳು. ಕುರೂಪ ಎಂದೆ. ಒಳ್ಳೆಯದು, ಷರಾ ಸಾಹೇಬರು ಕಣ್ಣು ಹಾಕುವುದಿಲ್ಲ ಎಂದಳು.

ನೀರಕ್ಕ ಕಿಟಕಿಯ ಪಕ್ಕದಲ್ಲೇ ಉಳಿದಳು. ಮೂರನೆಯ ದಿನ ಷರಾ ಸಾಹೇಬರು ಫೈಲು ಹಿಡಿದುಕೊಂಡು ಬಂದರು. ಹೊಸ ಡಬ್ಬಿಯ ಬಗ್ಗೆ ಷರಾ ಬರೆಯಬೇಕಿತ್ತಲ್ಲ. ಸೀದಾ ನನ್ನ ಮೇಜಿಗೇ ಬಂದು, ದನಿ ತಗ್ಗಿಸಿ, ಅವರಿಗೆ ಇದು ಆಯಿತಂತಾ ಎಂದು ಕೇಳಿದರು. ಇಷ್ಟೆಲ್ಲ ಆದ ಮೇಲೂ. ನಾನು ತಲೆ ಎತ್ತಲಿಲ್ಲ, ಮೊಹರು ಹಿಡಿದ ಕೈಯನ್ನು ಎದುರು ಮೇಜಿನ ಕಡೆ ಚಾಚಿದೆ. ಅವರು ನಿಂತೇ ಇದ್ದರು. ನಾನು ಕೈ ಇಳಿಸಲಿಲ್ಲ. ಕೊನೆಗೆ ಅವರ ಚಪ್ಪಲಿಯ ಸದ್ದು ಕೇಳಿಸಿತು, ಒಂದು, ಎರಡು, ಮೂರು.

ನೀರಕ್ಕ ಬಲಗಿವಿಯ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟಳು.

"ಹೇಳಿ ಸರ್," ಎಂದಳು. "ಸಂಬಂಧಪಟ್ಟವಳು ನಾನೇ."